ಬಲಗೆನ್ನೆ

ಎಲ್ ಆಲ್ತೊದ ಸಂಜೆ ತರಗತಿ, ಮೂರನೇ ಮಹಡಿ.
ಕಿಟಕಿಯ ಸಂದಿಗೆ ಹಳೆ ಪತ್ರಿಕೆ ತುರುಕಿದ್ದರೂ
ಗಾಳಿ ಒಳಬಂದು ಹತ್ತಿಯುಂಡೆ ಉರುಳಿಸುತ್ತದೆ.

ಭೂತಗನ್ನಡಿ ಈಚೆ ಸರಿಸು, ನಾಯ್ರಾ.
ನಮ್ಮ ಅಯ್ಮಾರಾದಲ್ಲಿ ನಿನ್ನ ಹೆಸರಿಗೆ ಕಣ್ಣು ಎಂದೇ ಅರ್ಥ.
ನೀನು ಬರೆದದ್ದು ಓದಿದೆ:
‘ಕೆನ್ನೆಯ ಮೇಲೆ ಬಂಗು. ಕಾರಣ, ಹಾರ್ಮೋನು.’
ಪುಸ್ತಕದಲ್ಲಿ ಹಾಗೇ ಇದೆ, ತಪ್ಪಿಲ್ಲ.
ಮುಖ ಮಾತ್ರ ಪುಸ್ತಕ ಓದಿಲ್ಲ.

ದೋನ್ಯಾ ಸಾತುರ್ನಿನಾ ಉಚಿತವೆಂದು ಬಂದು ಮಲಗಿದ್ದಾರೆ,
ಜಡೆಗಳೆರಡೂ ಎದೆಯ ಮೇಲೆ, ಹ್ಯಾಟು ಹೊಟ್ಟೆಯ ಮೇಲೆ.
ಐದು ಹೆತ್ತವರು; ಹಾರ್ಮೋನಿಗೂ ಅದರ ಪಾಲಿರಬಹುದು.
ಆದರೆ ಅದಕ್ಕೆ ಎಡ ಬಲ ಗೊತ್ತೇ?
ಎಡಗೆನ್ನೆಯಲ್ಲಿ ತೆಳು ಚಹಾದ ಕಲೆ,
ಬಲಗೆನ್ನೆಯಲ್ಲಿ ತಳ ಹಿಡಿದ ಪಾತ್ರೆ.

ಕ್ರೀಮಿನ ಹೆಸರು ಹೇಳುವ ಮೊದಲು ಇದನ್ನು ಕೇಳು:
ಅಮ್ಮಾ, ಅಂಗಡಿಯಲ್ಲಿ ಯಾವ ಕಡೆ ಮುಖ ಮಾಡಿ ಕೂರುತ್ತೀರಿ?

ಪಶ್ಚಿಮಕ್ಕೆ, ಎಂದರು. ಬಸ್ಸು ನಿಲ್ಲುವ ಕಡೆಗೆ.
ಹತ್ತೊಂಬತ್ತು ವರ್ಷ.

ನಮ್ಮ ಸೂರ್ಯ ಉತ್ತರಕ್ಕೆ ವಾಲಿ ನಡೆಯುವವನು.
ನಾಲ್ಕು ಸಾವಿರ ಮೀಟರು ಹತ್ತಿ
ನಾವೇ ಅವನ ಹೊಸ್ತಿಲಲ್ಲಿ ಕೂತಿದ್ದೇವೆ.
ಚಳಿಯಲ್ಲಿ ಬಿಸಿಲು ಸುಟ್ಟರೆ ತಿಳಿಯುವುದಿಲ್ಲ;
ಒಣ ಆಲೂಗಡ್ಡೆ ತೂಗುತ್ತಾ ತೂಗುತ್ತಾ
ಬಲಗೆನ್ನೆ ಒಂದೇ ಲೆಕ್ಕ ಬರೆದಿಟ್ಟಿದೆ.
ಹ್ಯಾಟೇ? ಅಂಚು ಮೂರು ಬೆರಳು.
ಮರ್ಯಾದೆಗೆ ಸಾಕು, ನೆರಳಿಗೆ ಸಾಲದು.

ಇನ್ನೊಂದು, ಬರೆದುಕೊಳ್ಳಬೇಡ.
ಹೋದ ವರ್ಷ ಮಿನಿಬಸ್ಸಿನ ಹುಡುಗನೊಬ್ಬ,
ಹೊಕ್ಕುಳ ಕೆಳಗೆ ನಾಣ್ಯದಗಲ ಕೆಂಪು ತುರಿಕೆ.
ಹುಳುಕಡ್ಡಿ ಎಂದರು ಎಲ್ಲರೂ.
ತಿಂಗಳು ಮುಲಾಮು ಹಚ್ಚಿದ, ಜಗ್ಗಲಿಲ್ಲ.
ಕೊನೆಗೆ ಬೆಲ್ಟಿನ ಬಕಲ್ಲು ತಿರುಗಿಸಿ ನೋಡಿದೆವು,
ಹೊಳಪು ಸವೆದು ನಿಕ್ಕಲ್ಲು ಇಣುಕುತ್ತಿತ್ತು.
ಅವನಿಗೆ ಗುಣವಾದದ್ದು ದಾರದಿಂದ,
ಪ್ಯಾಂಟಿಗೆ ಕಟ್ಟಿಕೊಂಡ ದಾರದಿಂದ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ.
ಇಗೋ ನನ್ನ ಅಂಗೈ.
ಈ ಹಳೆ ಬಿರುಕುಗಳು ನನಗೆ ದಿನಾ ಕಾಣುತ್ತಿದ್ದವು,
ಕಾರಣ ಕಾಣುತ್ತಿರಲಿಲ್ಲ.
ನೀರು ಎಂದೆ, ಸೋಪು ಎಂದೆ, ವಯಸ್ಸು ಎಂದೆ.
ಕಾಪಾಡಲೆಂದು ತೊಟ್ಟ ರಬ್ಬರು ಗವಸೇ ಕಚ್ಚುತ್ತಿತ್ತು.
ಇಪ್ಪತ್ತು ವರ್ಷ ಪಾಠ ಹೇಳಿದವಳಿಗೆ
ಅದು ಹೊಳೆಯಲು ಎರಡು ಚಳಿಗಾಲ ಹಿಡಿಯಿತು.

ದೋನ್ಯಾ ಸಾತುರ್ನಿನಾ ಮಲಗಿದಲ್ಲೇ ನಕ್ಕರು:
‘ಹಾಗಾದರೆ ನಾಳೆಯಿಂದ ಪೂರ್ವಕ್ಕೆ ತಿರುಗಲೇ?
ಎಡಗೆನ್ನೆಗೂ ಸರದಿ ಬರಲಿ.’

ನಗು, ನಾಯ್ರಾ, ಪರವಾಗಿಲ್ಲ.
ಆಮೇಲೆ ಸ್ಟೋರಿನಿಂದ ಆ ನೀಲಿ ಟಾರ್ಪಾಲು ತಗೋ,
ಎರಡು ಮೊಳೆ, ಒಂದು ಹುರಿ.
ಬೆಳಿಗ್ಗೆ ಅವರ ಬಲಕ್ಕೆ ಕಟ್ಟಿ ಬಾ.

ಕ್ರೀಮಿನ ಮಾತು ಗುರುವಾರಕ್ಕೆ.