ಉಗುರಿಗೆ ಸಿಗುವ ಗೀರು

ಬೀದರಿನ ಕೆಂಪು ಧೂಳಿಗೆ ನಾಚಿಕೆ ಇಲ್ಲ.
ಹ್ಯಾಂಗರಿನ ಬಾಗಿಲು ಹಾಕಿದರೂ ಒಳಗೇ ಇರುತ್ತದೆ,
ಒಣ ಬಟ್ಟೆಯಲ್ಲಿ ಒರೆಸಿದರೆ ಇನ್ನಷ್ಟು ಅಂಟುತ್ತದೆ.
"ಮೊದಲ ನೀರು, ಆಮ್ಯಾಲ ಕೈ"
ವೈಜಿನಾಥ ಮಾಮಾ ಮೊದಲ ದಿನ ಹೇಳಿದ್ದು ಇಷ್ಟೇ.
ಮತ್ತೆ, ಹೊರಡುವಾಗ ತಿರುಗಿ:
"ಉಂಗುರ ತೆಗೀರಿ, ಮೆಹರಾಜ್ ಬೀ."

ಇದು ಗಾಜಲ್ಲ.
ಓಣಿಯಲ್ಲಿ ಎಲ್ಲರೂ ಗಾಜೆನ್ನುತ್ತಾರೆ, ನಾನು ತಿದ್ದುವುದಿಲ್ಲ.
ಅಕ್ರಿಲಿಕ್. ಬೆರಳಲ್ಲಿ ಬಡಿದರೆ
ಟಣ್ ಎನ್ನದು, ಒಣಗಿದ ಸೋರೆಬುರುಡೆಯ ದನಿ.
ಪೆಟ್ರೋಲು ತಾಗಿದರೆ ಮುನಿಯುತ್ತದೆ,
ಒಳಗೊಳಗೇ ಬಿರಿಯುತ್ತದೆ, ಮೀನಿನ ಮುಳ್ಳಿನ ಹಾಗೆ;
ನೇರ ನೋಡಿದರೆ ಏನಿಲ್ಲ,
ಇಳಿಬಿಸಿಲಿಗೆ ತಲೆ ಓರೆ ಮಾಡಿದರೆ
ಫಳಕ್ಕನೆ ಎಲ್ಲ.

ಅಬ್ಬಾ ಬಿದರಿ ಕೆಲಸದವರು. ಅವರಿಗೆ ಗೀರುವುದೇ ಅನ್ನ.
ಮೈಲುತುತ್ತ ಬಳಿದ ತಟ್ಟೆಯಲ್ಲಿ ಉಳಿಯಿಂದ ಬಳ್ಳಿ ತೆಗೆದು
ಆ ಗಾಯದೊಳಗೆ ಬೆಳ್ಳಿ ತಂತಿ ಕೂರಿಸುತ್ತಾರೆ.
ನಾನು ಗೀರು ಅಳಿಸಿ ಸಂಬಳ ತರುತ್ತೇನೆಂದಾಗ ಕೇಳಿದರು:
"ಹಂಗಾದ್ರ ಕೊನೀಗಿ ಏನು ಕಾಣ್ತದ?"
ಏನೂ ಇಲ್ಲ, ಅಬ್ಬಾ.
"ಏನೂ ಕಾಣದ್ದಕ್ಕ ರೊಕ್ಕ ಕೊಡ್ತಾರ?"

ಮೊನ್ನೆ ಬಂದದ್ದು ಒಳಮೈಯ ಗೀರು.
ಕಲಿಯುವ ಹುಡುಗನೊಬ್ಬನ ಹೆಲ್ಮೆಟ್ಟಿನ ಕೊಂಡಿ,
ಜೋಳದ ಕಾಳಿನಷ್ಟು ಉದ್ದ.
ಕಣ್ಣು ಮುಚ್ಚಿ ಉಗುರು ಆಡಿಸಿದೆ. ಸಿಕ್ಕಿತು.
ಒರಟು ಬಟ್ಟೆ, ಅದಕ್ಕಿಂತ ನಯದ್ದು, ಅದಕ್ಕೂ ನಯದ್ದು,
ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ, ಸುತ್ತಿ ಮಾತ್ರ ತಿಕ್ಕಬಾರದು,
ಎರಡು ದಿನ, ಹೆಗಲು ಬಿದ್ದುಹೋಗುವ ತನಕ.
ಉಗುರಿಗೆ ಈಗ ಸಿಗದು. ಕಣ್ಣಿಗೆ, ಹುಡುಕಿದರೆ,
ಎಳೆಯಷ್ಟು ಇನ್ನೂ ಇದೆ.

ಇನ್ನು ತಿಕ್ಕಿದರೆ ಅಲ್ಲಿ ಮೈ ತೆಳುವಾಗಿ
ನೆಟ್ಟಗಿನ ರನ್‌ವೇ ಬಳುಕಿ ಕಾಣುತ್ತದೆ
ಇಳಿಯುವವನಿಗೆ.
ಬಟ್ಟೆ ಕೆಳಗಿಟ್ಟೆ.
ಲೇಪ ಬಳಿದೆ, ಕೂದಲಿಗಿಂತ ತೆಳು, ಒಂದೇ ಉಸಿರಿನಲ್ಲಿ.
ವಹಿಯಲ್ಲಿ ಬರೆದೆ: ಎಡಗಡೆ, ಒಂದು ಗೀರು, ಮಿತಿಯೊಳಗೆ.
ಮಾಮಾ ಕನ್ನಡಕ ಏರಿಸಿ ನೋಡಿ ಸಹಿ ಹಾಕಿದರು.

ಇವತ್ತು ಶುಕ್ರವಾರ, ಮಾಳಿಗೆ ಮೇಲೆ ಮೆಣಸಿನಕಾಯಿ ಒಣಹಾಕುವಾಗ
ಕೋಟೆಯ ಆಚೆಯಿಂದ ಒಂದು ಎದ್ದು, ವಾಲಿ, ಹೋಯಿತು.
ಅದೇ ಇರಬಹುದು. ಅಲ್ಲದಿರಬಹುದು.
ಅದರಲ್ಲೊಂದು ನನ್ನ ಗೀರಿದೆ, ಅಬ್ಬಾ, ಅಂದೆ.
ಅವರು ಉಳಿಯ ಮೊನೆ ಊದಿ, ತಲೆ ಎತ್ತದೆ:
"ಬೆಳ್ಳಿ ಹಾಕಿ ಬರಬೇಕಿತ್ತಲ್ಲ."

ಉಂಗುರ ಕೆಲಸದ ಡಬ್ಬಿಯಲ್ಲೇ ಉಳಿದಿದೆ, ಈಗ ನೆನಪಾಯಿತು.