ಇಪ್ಪತ್ತಕ್ಕೆ ಹದಿನೇಳು

ನಲವತ್ತೊಂಬತ್ತನೇ ನಂಬರಿನ ಟ್ರಾಮು ಓಡಿಸುವವಳು
ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಬಂದಳು,
ವಿಯೆನ್ನಾದ ಫೆಬ್ರವರಿಯನ್ನು ಬೂಟಿನಲ್ಲಿ ಒಳಗೆ ತಂದು.
ಕೈಚೀಲದಿಂದ ಒಂದು ಉಣ್ಣೆಯ ಕಾಲುಚೀಲ,
ಕಾಲುಚೀಲದೊಳಗಿಂದ ತೀರಿಹೋದ ಅಪ್ಪನ ಕ್ಯಾಮೆರಾ.
"ಗ್ರಾಟ್ಸ್‌ನಲ್ಲೊಬ್ಬ ಕೊಳ್ಳುತ್ತಾನಂತೆ. ಫೋನಿನಲ್ಲಿ ಕೇಳಿದ,
ವ್ಯೂಫೈಂಡರು ಎಷ್ಟರದ್ದು ಅಂತ. ನನಗೇನು ಗೊತ್ತು?
ತೂಕ ಕೇಳಿದ್ದರೆ ಹೇಳುತ್ತಿದ್ದೆ.
ಚಿಕ್ಕವಳಿದ್ದಾಗ ಹೊತ್ತದ್ದು ನಾನೇ."

ಮೈಮೇಲೆ ಎಲ್ಲೂ ಅಂಕಿ ಕೊರೆದಿಲ್ಲ.
ಲಿವರು ಒತ್ತಿದೆ. ಕಿಂಡಿಯೊಳಗೆ
ಬಿಳಿಗೆರೆಯ ಚೌಕಟ್ಟುಗಳು ಬಂದು ಹೋದವು:
ಐವತ್ತು ಬಂತು, ಎಪ್ಪತ್ತೈದನ್ನು ಕಂಕುಳಲ್ಲಿಟ್ಟುಕೊಂಡು;
ಮೂವತ್ತೈದರ ಮಡಿಲಲ್ಲಿ ನೂರಮೂವತ್ತೈದು;
ತೊಂಬತ್ತು ಮಾತ್ರ ಒಂಟಿ.
ಅದರ ಸುತ್ತ ಇಪ್ಪತ್ತೆಂಟರ ಗೆರೆ ಇಲ್ಲ.
ಇಷ್ಟು ದೊಡ್ಡದಾಗಿ ತೋರಿಸುವ ಕಿಂಡಿಯಲ್ಲಿ
ಅಷ್ಟು ಅಗಲದ್ದು ಹಿಡಿಸುವುದಿಲ್ಲ.
ನನಗೆ ಅಷ್ಟೇ ಸಾಕಿತ್ತು. ಆದರೂ ಬಾಯಿಬಿಡಲಿಲ್ಲ.
ಯಾರೋ ಹಿಂದೆ ಬಿಚ್ಚಿ ಬೇರೊಂದರ ಕರುಳು ತುಂಬಿರಬಹುದು,
ಅಂಥವೂ ಈ ಮೇಜಿಗೆ ಬಂದಿವೆ.

ಒರೆಗೆ ಹಚ್ಚಲು ಎರಡು ಕಣ್ಣು ಬೇಕು.
ನನ್ನ ಎಡಗಣ್ಣು ಕದ ಮುಚ್ಚಿ ಹನ್ನೊಂದು ವರ್ಷ.
ಅಂದಿನಿಂದ ಗಿರಾಕಿಗಳ ಕಣ್ಣನ್ನೇ ಕಡ ತೆಗೆದುಕೊಳ್ಳುತ್ತೇನೆ,
ಬಡ್ಡಿ ಯಾರಿಗೂ ಕೊಟ್ಟಿಲ್ಲ.

"ಬಲಗಣ್ಣು ಕಿಂಡಿಗೆ. ಎಡಗಣ್ಣು ಮುಚ್ಚಬೇಡಿ, ಬಿಟ್ಟಿರಿ.
ಎದುರುಮನೆ, ಮೂರನೇ ಮಹಡಿ, ಹಸಿರು ಪಟ್ಟಿಯ ಬಾಗಿಲು.
ಎಷ್ಟು ಕಾಣುತ್ತವೆ?"
"ಒಂದು. ಅಲ್ಲ, ಎರಡು. ಒಂದರ ಮೇಲೊಂದು ಈಜುತ್ತಿವೆ."
"ತಾಳಿ. ಕನ್ನಡಿಯಲ್ಲೊಂದು ಗಮನ, ಹಳಿಯ ಮೇಲೊಂದು ಗಮನ,
ದಿನವೂ ಮಾಡುತ್ತೀರಲ್ಲ.
ಎರಡರ ತಳ ಕೂಡಿಸಿ. ಈಗ ಪಟ್ಟಿ ಎಣಿಸಿ."

ತುಟಿ ಅಲುಗಿತು. ತಪ್ಪಿತು. ಮತ್ತೆ ಮೊದಲಿನಿಂದ.
"ಒಳಗಿನ ಇಪ್ಪತ್ತು ಪಟ್ಟಿ
ಹೊರಗಿನ ಹದಿನೇಳಕ್ಕೇ ಮುಗಿದುಹೋಗುತ್ತವೆ."

ಚೀಟಿಯ ಮೇಲೆ ಬರೆದುಕೊಟ್ಟೆ: ೦.೮೫.

ಅಲ್ಲಿಗೆ ಮುಗಿಯಬೇಕಿತ್ತು.
ಲೆನ್ಸು ಮೂವತ್ತೈದರದ್ದೆಂದು ಕಂಡು ಸುಮ್ಮನಿರಲಾರದೆ ಕೇಳಿದೆ:
"ನಿಮ್ಮಪ್ಪನಿಗೆ ಕನ್ನಡಕ ಇತ್ತೇ?"
"ದಪ್ಪದ್ದು. ಬಲಗಾಜಿನ ಮೇಲೆ ಸದಾ ಒಂದು ಉಂಗುರದ ಗೀರು,
ಅಮ್ಮ ಒರೆಸಿ ಒರೆಸಿ ಸೋತಳು."
ಕಿಂಡಿಯ ಲೋಹದ ಬಳೆ ಅವಳ ಬೆರಳಿಗೆ ಮುಟ್ಟಿಸಿದೆ.
ನನ್ನ ಕನ್ನಡಕ ತೆಗೆದುಕೊಟ್ಟೆ.
"ಹಾಕಿಕೊಂಡು ನೋಡಿ. ಮೂವತ್ತೈದರ ಗೆರೆ ಎಲ್ಲಿದೆ?"
"ಮಸುಕು... ಗೆರೆ ಇಲ್ಲ. ಅಂಚೇ ಇಲ್ಲ. ನಡುವಿನದಷ್ಟೇ."
"ಫಿಲ್ಮಿಗೆ ಅಂಚೂ ಕಾಣುತ್ತದೆ," ಅಂದೆ.

ಬಹಳ ಹೊತ್ತು ಅವಳು ಕ್ಯಾಮೆರಾ ಇಳಿಸಲಿಲ್ಲ.
ಆಮೇಲೆ, ಅದಕ್ಕೇ ಹೇಳುವಂತೆ:
"ಆಲ್ಬಮ್ಮಿನಲ್ಲಿ ನಡುವೆ ಯಾವಾಗಲೂ ಯುಲಿಯಾನ್.
ಯುಲಿಯಾನನ ಸೈಕಲ್ಲು, ಯುಲಿಯಾನನ ಮುರಿದ ಕೈ.
ಅಂಚಿನಲ್ಲಿ ನಾನು: ಅರ್ಧ ಜಡೆ, ಒಂದು ಮೊಣಕಾಲು,
ನಾಲಿಗೆ ಚಾಚಿದ ಮುಕ್ಕಾಲು ಮುಖ.
ಅಪ್ಪ ಬೇಕೆಂತಲೇ ನನ್ನನ್ನು ಅಲ್ಲಿಟ್ಟ ಅಂತ
ಇಪ್ಪತ್ತೈದು ವರ್ಷ ಸಿಟ್ಟು ಕಾದಿಟ್ಟುಕೊಂಡಿದ್ದೆ."

ಇಟ್ಟಿರಲಿಲ್ಲ. ಅವನಿಗೆ ಕಂಡೇ ಇರಲಿಲ್ಲ.
ಅದಕ್ಕಿಂತ ಇದು ಹಗುರವೋ ಭಾರವೋ
ತೂಗುವ ತಕ್ಕಡಿ ನನ್ನ ಅಂಗಡಿಯಲ್ಲಿಲ್ಲ.
ಸ್ಕ್ರೂ ತೂಗುವುದೊಂದಿದೆ.

ಹೊರಗೆ ಅವಳದೇ ನಂಬರಿನ ಟ್ರಾಮು, ಬೇರೆ ಯಾರೋ ಓಡಿಸುತ್ತ,
ಕಿಟಕಿಯ ಗಾಜನ್ನು ನಡುಗಿಸಿ ಹೋಯಿತು.
ದುಡ್ಡೆಷ್ಟು ಎಂದಳು. ಏನೂ ಇಲ್ಲ ಎಂದೆ.
ಚೀಟಿ ಮೇಜಿನ ಮೇಲೇ ಉಳಿಯಿತು.

ಬಾಗಿಲ ಬಳಿ ತಿರುಗಿದಳು, ನನ್ನ ಕನ್ನಡಕ
ಇನ್ನೂ ಅವಳ ಮೂಗಿನ ಮೇಲೇ.
ಕ್ಯಾಮೆರಾ ಎತ್ತಿ ನನ್ನತ್ತ ಹಿಡಿದಳು.
ಒಳಗೆ ಫಿಲ್ಮಿಲ್ಲ, ಇಬ್ಬರಿಗೂ ಗೊತ್ತು.
ಆದರೂ ನಾನು ದೀಪದ ಮುಂದಿನಿಂದೆದ್ದು
ಗಡಿಯಾರದಾಚೆ ಗೋಡೆಗಂಟಿ ನಿಂತೆ,
ಅವಳಿಗೆ ಕಾಣದ ಕಡೆ.