ಮುನ್ನೂರು ಗ್ರಾಂ

ಗೋಣಿಬೀಡಿನ ಆಚೆ, ಲೈನ್ ಮನೆಗಳ ಕೊನೆಗೆ
ನನ್ನ ಅಂಗನವಾಡಿ. ಜಂತಿಗೆ ತೂಗುಹಾಕಿದ ತಕ್ಕಡಿ,
ಅದರ ಚಡ್ಡಿಯಂಥ ಜೋಳಿಗೆಯಲ್ಲಿ
ಕಾಲು ಇಳಿಬಿಟ್ಟು ಬಿಂದು.

ಈ ತಿಂಗಳು ಮುನ್ನೂರು ಗ್ರಾಂ ಜಾಸ್ತಿ!
ಬರೆಯುವ ಮೊದಲು ತೋಳಿಗೆ ಪಟ್ಟಿ ಸುತ್ತಿದೆ.
ಮುಳ್ಳು ಏರಿದೆ, ಪಟ್ಟಿ ಮಾತ್ರ ಕೆಂಪಿನಲ್ಲೇ.

ಕುಲಾವಿ ಬಿಚ್ಚಿದೆ, ಸ್ವೆಟರ್ ಬಿಚ್ಚಿದೆ.
ಲಂಗದ ನೆರಿಗೆಯೊಳಗೆ ಹೊಲಿದ ಪುಟ್ಟ ಚೀಲ,
ಅದರಲ್ಲಿ ಹಳ್ಳದ ನುಣುಪು ಕಲ್ಲು ಮೂರು.
ಮಗುವಿಗೆ ಒತ್ತದ ಹಾಗೆ
ಹತ್ತಿ ಬೇರೆ ಸುತ್ತಿದ್ದಳು.

ದೇವೀರಿ ತಲೆ ತಗ್ಗಿಸಲಿಲ್ಲ.
"ಕೆಂಪು ಬಂದ್ರೆ ಹದಿನಾಲ್ಕು ದಿನ ಆಸ್ಪತ್ರೆ ಅಂತೀರಿ.
ಹಣ್ಣು ಕುಯ್ಲು ಈಗ. ನಾ ಹೋದ್ರೆ
ಲೈನಿಗೆ ಇನ್ನೊಬ್ರು ಬರ್ತಾರೆ.
ದೊಡ್ಡವೆರಡಕ್ಕೆ ಯಾರು ಬೇಯಿಸಿ ಹಾಕ್ತಾರೆ?
ರೈಟ್ರು ದಿನಾ ಚೀಲಕ್ಕೆರಡು ಕೇಜಿ ಮುರ್ಕೋತಾರೆ,
ಎಲೆ ಅಂತ, ನೀರು ಅಂತ.
ನಾನೊಂದ್ಸಲ ಸೇರಿಸ್ದೆ ಟೀಚರ್."

ಉತ್ತರ ನನ್ನಲ್ಲಿರಲಿಲ್ಲ. ರಿಜಿಸ್ಟರಿನಲ್ಲೂ.

ಕಲ್ಲು ಕಳೆದು ಬರೆದೆ.
ಸಂಜೆ ಮೇಸ್ತ್ರಿ ಮನೆಗೆ ಹೋದೆ, ಬೈಸಿಕೊಂಡೆ,
ಮಾರನೆಯ ದಿನ ಮತ್ತೆ ಹೋದೆ.
ಲೈನು ಉಳಿಯಿತು, ಹದಿನೈದು ದಿನದ ಮಟ್ಟಿಗೆ.
ದೊಡ್ಡವೆರಡೂ ಸಹಾಯಕಿ ಜುಲೇಖಾಬಿಯ ಮನೆಯಲ್ಲಿ,
ಮೊದಲ ರಾತ್ರಿಯೇ ಒಂದಕ್ಕೆ ಜ್ವರ.
ಸೋಮವಾರ ಆರೂವರೆಯ ಬಸ್ಸಿಗೆ
ದೇವೀರಿ, ಬಿಂದು, ಒಂದು ಬಟ್ಟೆಗಂಟು.
ಕೂಲಿ ಸರ್ಕಾರ ಕಟ್ಟಿಕೊಡುತ್ತದೆ ಎಂದೆ.
ಯಾವಾಗ ಎಂದು ಅವಳು ಕೇಳಲಿಲ್ಲ.

ಮೂರು ಕಲ್ಲೂ ನನ್ನ ಮೇಜಿನ ಮೇಲಿವೆ,
ಹತ್ತಿ ಬಿಚ್ಚಿಲ್ಲ.
ಆಗಾಗ ಅಂಗೈಯಲ್ಲಿಟ್ಟು ನೋಡುತ್ತೇನೆ:
ಇಷ್ಟೇ.
ಬಸ್ಸಿಳಿದು ಬರುವಾಗ ಇಷ್ಟು
ಮೈಯೊಳಗೆ ಬಂದಿದ್ದರೆ ಸಾಕು.